ಕೈಬಿಟ್ಟ ಅರ್ಜಿಗೆ ಶಾಸನವಿಲ್ಲ

ಬೇಲೂರು, ಹಳೇಬೀಡು ಕಡೆ ಓಡಾಡಿದವರಿಗೆ ಗೊತ್ತು, ನಮ್ಮಲ್ಲಿ ಕಲ್ಲಿಗೂ ಬರವಿಲ್ಲ, ಕಲ್ಲಿನ ಮೇಲಿನ ಬರಹಕ್ಕೂ ಬರವಿಲ್ಲ. ಯಾರು ಯಾರಿಗೆ ಎಷ್ಟು ಭೂಮಿ ದತ್ತಿ ಬಿಟ್ಟರು ಅನ್ನೋದು ಶಾಸನದಲ್ಲಿ ಸಿಗುತ್ತೆ. ಕೇಳಿದ್ದು ಸಿಗದೆ ವಾಪಸ್ ಹೋದವನ ಬಗ್ಗೆ ಮಾತ್ರ ಯಾರೂ ಕಲ್ಲು ಕೆತ್ತಿಸಲಿಲ್ಲ. ಗೆಂಡೆಹಳ್ಳಿಯವನಾದ ನನಗೆ ಇದೆಲ್ಲ ನೆನಪಾದದ್ದು ಒಂದು ಕೃತಕ ಸೊಂಟದ ಕೀಲಿನ ಚರಿತ್ರೆ ಓದುವಾಗ!

ಕೀಲಿನ ಹೆಸರು ಎಎಸ್‌ಆರ್. ತಯಾರಿಸಿದ್ದು ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಡೆಪ್ಯೂ ಕಂಪನಿ. ಇದರಲ್ಲಿ ಗುಂಡು, ಬಟ್ಟಲು ಎರಡೂ ಲೋಹದ್ದೇ. ಒಂದಕ್ಕೊಂದು ಉಜ್ಜಿ ಸವೆದಾಗ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಸೇರುತ್ತವೆ.

ಇದರಲ್ಲಿ ಎರಡು ಮಾದರಿಗಳಿದ್ದವು. ಇಡೀ ಕೀಲನ್ನೇ ಬದಲಿಸುವ ಮಾದರಿಗೆ 2005ರಲ್ಲಿ ಅಮೆರಿಕದ ಎಫ್‌ಡಿಎ ಸುಲಭದ ದಾರಿಯಲ್ಲೇ ಅನುಮತಿ ಕೊಟ್ಟಿತು. ಅಂದ್ರೆ, ಆಗಲೇ ಮಾರುಕಟ್ಟೆಯಲ್ಲಿರುವ ಸಾಧನದಂತೆಯೇ ಇದೂ ಇದೆ ಅಂತ ತೋರಿಸಿದರೆ ಸಾಕು. ಮೂಳೆಯ ತುದಿಗೆ ಲೋಹದ ಟೋಪಿ ತೊಡಿಸುವ ಇನ್ನೊಂದು ಮಾದರಿಗೆ ಮಾತ್ರ ರೋಗಿಗಳ ಮೇಲಿನ ಅಧ್ಯಯನದ ಸಮೇತ ಪೂರ್ತಿ ಅರ್ಜಿ ಬೇಕಿತ್ತು. ಆ ಅರ್ಜಿಗೆ 2009ರ ಆಗಸ್ಟ್‌ನಲ್ಲಿ ಎಫ್‌ಡಿಎ ಪತ್ರ ಬರೆಯಿತು: ಈಗಿರುವ ಮಾಹಿತಿಯ ಮೇಲೆ ಒಪ್ಪಿಗೆ ಕೊಡಲಾಗದು. ಕಂಪನಿ ಆ ಪ್ರಯತ್ನವನ್ನೇ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ, ವ್ಯಾಪಾರದ ಕಾರಣಕ್ಕೆ ಎಎಸ್‌ಆರ್ ಅನ್ನು ನಿಧಾನಕ್ಕೆ ನಿಲ್ಲಿಸ್ತೀವಿ ಅಂತ ಹೇಳಿತು.

ಪತ್ರದ ವಿಷಯ ಜಗತ್ತಿಗೆ ತಿಳಿದದ್ದು 2012ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದಾಗ. ಅಷ್ಟು ತಡ ಯಾಕೆ? ಅಲ್ಲಿನ ನಿಯಮವೇ ಹಾಗಿದೆ. ಬಾಕಿ ಇರುವ ಅರ್ಜಿಯ ವಿಷಯವನ್ನು ಕಂಪನಿ ತಾನಾಗಿ ಬಹಿರಂಗ ಮಾಡದ ಹೊರತು, ಅಂಥದ್ದೊಂದು ಅರ್ಜಿ ಇದೆ ಅಂತ ಕೂಡ ಎಫ್‌ಡಿಎ ಹೇಳುವ ಹಾಗಿಲ್ಲ. ಇಂಥ ಪತ್ರಕ್ಕೆ 180 ದಿನದೊಳಗೆ ಉತ್ತರ ಬರದಿದ್ದರೆ ಅರ್ಜಿದಾರ ತಾನೇ ಅರ್ಜಿ ಹಿಂದಕ್ಕೆ ಪಡೆದ ಅಂತ ಲೆಕ್ಕ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಗ್ ಒಂದನ್ನು ಸರಿಮಾಡದೇ ಮುಚ್ಚಿದರೂ ಯಾರು ಮುಚ್ಚಿದರು, ಯಾಕೆ ಅನ್ನೋದು ಉಳಿದಿರುತ್ತೆ. ದೇಹದೊಳಗೆ ಕೂರಿಸುವ ಸಾಧನಕ್ಕೆ ಅಷ್ಟೂ ಇರಲಿಲ್ಲ!

ಆ ಪತ್ರ ಬಂದ ಮೇಲೂ ಬೇರೆ ದೇಶಗಳಲ್ಲಿ ಮಾರಾಟ ನಡೆದೇ ಇತ್ತು. 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಎಎಸ್‌ಆರ್ ಅನ್ನು ವಾಪಸ್ ಪಡೆಯುವ ಹೊತ್ತಿಗೆ ಸುಮಾರು 93,000 ಕೀಲುಗಳನ್ನು ಕೂರಿಸಿ ಆಗಿತ್ತು. ಐದು ವರ್ಷದೊಳಗೆ ಸುಮಾರು 12-13% ಜನಕ್ಕೆ ಮತ್ತೆ ಆಪರೇಷನ್ ಬೇಕಾಗಿದೆ ಅಂತ ಬ್ರಿಟನ್ನಿನ ಕೀಲು ನೋಂದಣಿ ಪಟ್ಟಿ ತೋರಿಸಿತ್ತು.

ನಮ್ಮ ದೇಶಕ್ಕೆ 2006ರಲ್ಲಿ ಆಮದು ಪರವಾನಗಿ ಸಿಕ್ಕಿತ್ತು. ಇಲ್ಲಿ ಸುಮಾರು 4,700 ಆಪರೇಷನ್‌ಗಳಾದವು. ಕೇಂದ್ರ ಸರ್ಕಾರ ಡಾ. ಅರುಣ್ ಅಗರ್ವಾಲ್ ನೇತೃತ್ವದ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ತಲಾ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಿಸಿ ಅಂತ ಸಮಿತಿ ಹೇಳಿತು. ಆದರೆ ಕೊಡೋದು ಯಾರಿಗೆ? ಸುಮಾರು 3,600 ಜನರ ಪತ್ತೆಯೇ ಇರಲಿಲ್ಲ. ಅಮೆರಿಕದಲ್ಲಿ 2013ರಲ್ಲೇ ಸುಮಾರು 8,000 ರೋಗಿಗಳಿಗಾಗಿ 250 ಕೋಟಿ ಡಾಲರ್‌ಗಳ ರಾಜಿ ಆಗಿತ್ತು.

ಅರ್ಜಿ ಹಿಂದಕ್ಕೆ ಪಡೆದವರೆಲ್ಲ ಕಳ್ಳರಲ್ಲ ಬಿಡಿ. ದುಡ್ಡು ಮುಗಿದಿರಬಹುದು, ಇನ್ನಷ್ಟು ಪರೀಕ್ಷೆ ಬೇಕಿರಬಹುದು. 2021ರ ಫೆಬ್ರವರಿ 5ರಂದು ಫೈಜರ್ ತನ್ನ ಕೋವಿಡ್ ಲಸಿಕೆಯ ಅರ್ಜಿಯನ್ನು ಭಾರತದಲ್ಲಿ ಹಿಂದಕ್ಕೆ ಪಡೆದದ್ದು ನಿಮಗೆ ನೆನಪಿರಬಹುದು. ಅದಕ್ಕೆ ಎರಡು ದಿನ ಮೊದಲು ತಜ್ಞರ ಸಮಿತಿಯ ಸಭೆಯಾಗಿತ್ತು. ಕಂಪನಿ ತಾನೇ ಪ್ರಕಟಣೆ ಕೊಟ್ಟಿತು, ಹಳ್ಳಿಯ ಪೇಪರ್ ಓದುಗನಿಗೂ ವಿಷಯ ತಿಳಿಯಿತು. ಅರ್ಜಿ ಹಿಂದಕ್ಕೆ ಪಡೆಯಲಿ, ತಪ್ಪಿಲ್ಲ. ಪಡೆದದ್ದು ಮಾತ್ರ ಎಲ್ಲರಿಗೂ ಗೊತ್ತಾಗಬೇಕು.

ಯುರೋಪು ಇದನ್ನು ಕಾನೂನಿನಲ್ಲೇ ಬರೆಯಿತು. ಅಲ್ಲಿ ಸಾಧನಗಳನ್ನು ಪರಿಶೀಲಿಸುವ ಸಂಸ್ಥೆಗಳು ಹಲವಾರಿವೆ. 2017ರ ವೈದ್ಯಕೀಯ ಸಾಧನಗಳ ಕಾನೂನಿನ 53ನೇ ವಿಧಿಯ ಪ್ರಕಾರ, ತೀರ್ಮಾನಕ್ಕೆ ಮೊದಲೇ ಯಾರಾದರೂ ಅರ್ಜಿ ಹಿಂದಕ್ಕೆ ಪಡೆದರೆ ಆ ಸಂಸ್ಥೆ ಉಳಿದ ಸಂಸ್ಥೆಗಳಿಗೆ ತಿಳಿಸಬೇಕು. ಹೊಸ ಅರ್ಜಿ ಹಾಕುವಾಗ ಕಂಪನಿಯೂ ಹಳೆಯದನ್ನು ಹೇಳಿಕೊಳ್ಳಬೇಕು. ಈ ಕಾನೂನು 2021ರ ಮೇ 26ರಿಂದ ಜಾರಿಯಲ್ಲಿದೆ. ಒಂದು ಕಡೆ ಆಗದ್ದನ್ನು ಇನ್ನೊಂದು ಬಾಗಿಲಲ್ಲಿ ಮಾಡಿಸಿಕೊಳ್ಳೋದು ಈಗ ಸ್ವಲ್ಪ ಕಷ್ಟ.

ನಮ್ಮೂರ ಕಡೆ ಪಹಣಿ, ಕ್ರಯಪತ್ರ ಅಂದ್ರೆ ಟ್ರಂಕಿನ ತಳದಲ್ಲಿ ಜೋಪಾನ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಮಾತ್ರ ಗೋಡೆ ಮೊಳೆಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕವರಿನಲ್ಲಿ. ಮಂಡಿ, ಸೊಂಟ, ಸ್ಟೆಂಟ್, ಯಾವುದೇ ಇರಲಿ, ಡಬ್ಬಿಯ ಮೇಲಿನ ಸ್ಟಿಕ್ಕರಿನಲ್ಲಿ ಮಾದರಿಯ ಹೆಸರು, ಲಾಟ್ ನಂಬರ್ ಇರುತ್ತೆ. ಅದನ್ನು ಕೇಳಿ ಪಡೆದು ಆ ಕ್ರಯಪತ್ರದ ಜೊತೆಗೇ ಇಡಿ. ಪತ್ತೆಯಾಗದ ಆ 3,600 ಜನರನ್ನು ಹುಡುಕಲು ಬೇಕಿದ್ದದ್ದು ಅಷ್ಟು ಚಿಕ್ಕ ಕಾಗದ.