ಒಂದೇ ಗಿರಾಕಿಯನ್ನು ನಂಬಿದ ದ್ವೀಪಗಳು

2020ರ ಮಾರ್ಚ್ 27ರಂದು ಮಾಲ್ಡೀವ್ಸ್ ಸರ್ಕಾರ ವಿಮಾನ ಇಳಿದವರಿಗೆ ಅಲ್ಲೇ ವೀಸಾ ಕೊಡುವ ಪದ್ಧತಿಯನ್ನು ನಿಲ್ಲಿಸಿತು. ಅದರ ಹಿಂದಿನ ವರ್ಷ, ಅಂದರೆ 2019ರಲ್ಲಿ, ಐದು ಲಕ್ಷದಷ್ಟು ಜನರಿರುವ ಈ ದೇಶಕ್ಕೆ 17 ಲಕ್ಷ ಪ್ರವಾಸಿಗರು ಬಂದು ಹೋಗಿದ್ದರು. ಜುಲೈ 15ರಂದು ಗಡಿ ಮತ್ತೆ ತೆರೆಯುವವರೆಗೆ ಮೂರೂವರೆ ತಿಂಗಳು ರೆಸಾರ್ಟುಗಳು ಖಾಲಿ ಬಿದ್ದವು. ವರ್ಷದ ಕೊನೆಗೆ ಎಣಿಸಿದರೆ ಬಂದವರು ಐದೂವರೆ ಲಕ್ಷ. ದೇಶದ ಒಟ್ಟು ಉತ್ಪನ್ನ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಪ್ರವಾಸೋದ್ಯಮವೊಂದನ್ನೇ ನಂಬಿ ಕೂತದ್ದಕ್ಕೆ ತೆತ್ತ ದಂಡ ಇದು ಎಂದು ಆಗ ಅನೇಕರು ಬರೆದರು. ಅದು ಪೂರ್ತಿ ತಪ್ಪಲ್ಲವಾದರೂ ಅರ್ಧ ಮಾತು. ಈ ದ್ವೀಪಗಳು ಒಂದೇ ಸರಕನ್ನು, ಬಹುಮಟ್ಟಿಗೆ ಒಬ್ಬನೇ ಗಿರಾಕಿಗೆ ಮಾರಿ ಬದುಕುವುದನ್ನು ಪ್ರವಾಸೋದ್ಯಮ ಶುರುವಾದ 1972ರಲ್ಲಿ ಕಲಿತದ್ದಲ್ಲ. ಏಳೆಂಟು ನೂರು ವರ್ಷಗಳಿಂದ ಹಾಗೆಯೇ ಬದುಕಿವೆ, ಗಿರಾಕಿ ಕೈಬಿಟ್ಟಾಗಲೆಲ್ಲ ಪೆಟ್ಟನ್ನೂ ತಿಂದಿವೆ. ಹಾಗಾಗಿ ಅವಲಂಬನೆ ಏಕೆ ಎಂದು ಕೇಳಿ ಹೆಚ್ಚು ಪ್ರಯೋಜನವಿಲ್ಲ. ವ್ಯಾಪಾರ ನಿಂತ ದಿನ ಅದರ ನಷ್ಟ ಯಾರ ತಲೆಯ ಮೇಲೆ ಬಿತ್ತು, ಅವರ ಕೈಯಲ್ಲಿ ಆಗ ಏನು ಉಳಿದಿತ್ತು ಎಂದು ಕೇಳಬೇಕು. ಆ ದೃಷ್ಟಿಯಿಂದ ನೋಡಿದರೆ 2020 ಹಿಂದಿನ ಎಲ್ಲ ಕುಸಿತಗಳಿಗಿಂತ ಬೇರೆಯಾಗಿ ಕಾಣುತ್ತದೆ.

ಮೊದಲ ಸರಕು ಕವಡೆ. ನಮ್ಮ ಚೌಕಾಬಾರದ ಮನೆಗಳಲ್ಲಿ ಉರುಳುವ ಆ ಪುಟ್ಟ ಚಿಪ್ಪು ಒಂದು ಕಾಲದಲ್ಲಿ ಬಂಗಾಳದಿಂದ ಪಶ್ಚಿಮ ಆಫ್ರಿಕಾದವರೆಗೆ ಚಿಲ್ಲರೆ ಹಣವಾಗಿ ನಡೆಯುತ್ತಿತ್ತು. ಅದರ ದೊಡ್ಡ ಕಣಜ ಮಾಲ್ಡೀವ್ಸ್‌ನ ಹಿನ್ನೀರು. 1343ರಲ್ಲಿ ಬಂದು ಇಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತ, ದ್ವೀಪದವರು ಸಮುದ್ರದಿಂದ ಕವಡೆ ಹೆಕ್ಕಿ, ದಡದ ಗುಂಡಿಗಳಲ್ಲಿ ಹಾಕಿ ಮಾಂಸ ಕೊಳೆಯಲು ಬಿಟ್ಟು, ಉಳಿದ ಬಿಳಿ ಚಿಪ್ಪನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ಪಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಡಚ್ಚರೂ ಇಂಗ್ಲಿಷರೂ ಇದೇ ಕವಡೆಯನ್ನು ಹಡಗು ತುಂಬ ಒಯ್ದು ಆಫ್ರಿಕಾದಲ್ಲಿ ಗುಲಾಮರನ್ನು ಕೊಳ್ಳಲು ಬಳಸಿದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಕಂದಾಯಕ್ಕೆ ಕವಡೆ ತೆಗೆದುಕೊಳ್ಳುವುದನ್ನು ಬಿಟ್ಟಿತು. 1840ರ ದಶಕದಿಂದ ಆಫ್ರಿಕಾಕ್ಕೆ ಜಾಂಜಿಬಾರ್ ಕಡೆಯ ಅಗ್ಗದ ಕವಡೆ ಹರಿಯತೊಡಗಿತು. ಎರಡೂ ತೀರ್ಮಾನಗಳು ಆದದ್ದು ದೂರದ ಕಚೇರಿಗಳಲ್ಲಿ. ಅವುಗಳ ಸುದ್ದಿ ಕವಡೆ ಹೆಕ್ಕುವವರಿಗೆ ಮುಟ್ಟಿದ್ದು ಬೆಲೆ ಬಿದ್ದ ಮೇಲೆ. ಆದರೆ ಕವಡೆ ಹೆಕ್ಕುವುದೇ ಅವರ ಇಡೀ ಕಸುಬಾಗಿರಲಿಲ್ಲ. ಹೊರಗಿನ ಅಕ್ಕಿ ತುಟ್ಟಿಯಾಯಿತು, ಬದುಕು ಬಿಗಿಯಾಯಿತು. ಮೀನು, ತೆಂಗು, ಮಣ್ಣಿನಲ್ಲಿ ಬೆಳೆದ ಗೆಡ್ಡೆ ಮನೆಯಲ್ಲೇ ಇದ್ದವು.

ಎರಡನೆಯ ಸರಕು ಒಣಮೀನು. ಗಾಳದ ಕೋಲಿನಿಂದ ಒಂದೊಂದಾಗಿ ಎಳೆದು ಹಿಡಿದ ಸೂರೆ ಎಂಬ ಟ್ಯೂನಾ ಜಾತಿಯ ಮೀನನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಗೆ ಕಟ್ಟಿ, ದಿನಗಟ್ಟಲೆ ಬಿಸಿಲಿಗೆ ಹಾಕಿದರೆ ಅದು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಕುಟ್ಟಿ ಪುಡಿ ಮಾಡಿ ಸಾರಿಗೆ ಹಾಕಬೇಕು. ಸಿಂಹಳೀಯರ ಅಡುಗೆ ಇದಿಲ್ಲದೆ ಆಗದು. ಹೀಗಾಗಿ ಈ ಮೀನಿನ ಗಿರಾಕಿ ಎಂದರೆ ಸಿಲೋನ್, ದ್ವೀಪಗಳಿಗೆ ಅಕ್ಕಿ ಬಟ್ಟೆ ಬರುತ್ತಿದ್ದುದೂ ಬಹುಪಾಲು ಕೊಲಂಬೊ ಕಡೆಯಿಂದಲೇ. ಈ ಕಸುಬಿನ ಕೆಲಸ ಎರಡು ಪಾಲಾಗಿತ್ತು: ಹಿಡಿಯುವುದು ಗಂಡಸರದು, ಬೇಯಿಸಿ ಒಣಗಿಸಿ ಮಾರಾಟಕ್ಕೆ ಸಿದ್ಧ ಮಾಡುವುದು ಹೆಂಗಸರದು. ದೋಣಿ ಉಳ್ಳವನದಾಗಿದ್ದರೂ ಕೂಲಿ ದುಡ್ಡಿನಲ್ಲಿರಲಿಲ್ಲ, ಹಿಡಿದದ್ದರಲ್ಲಿ ಪಾಲು. ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ಸಿಲೋನ್ 1970ರ ದಶಕದ ಆರಂಭದಲ್ಲಿ ಒಣಮೀನಿನ ಆಮದನ್ನು ಬಿಗಿಗೊಳಿಸಿದಾಗ ಮಾಲ್ಡೀವ್ಸ್‌ನ ಹೊರವ್ಯಾಪಾರದ ಬೆನ್ನೆಲುಬೇ ಮುರಿಯಿತು. ಆಗ ಕೈಹಿಡಿದವರು ಹಸಿ ಮೀನು ಕೊಂಡು ಹಡಗಿನಲ್ಲೇ ಹಿಮಗಟ್ಟಿಸುವ ಜಪಾನೀ ಕಂಪನಿಗಳು. 1974ರಿಂದ ದೋಣಿಗಳಿಗೆ ಎಂಜಿನ್ ಬಂತು, ಹಿಡಿಯುವವರ ಆದಾಯ ಹೆಚ್ಚಿತು. ಆದರೆ ಹಸಿ ಮೀನು ನೇರ ಹಡಗಿಗೆ ಹೋದ ಮೇಲೆ ಬೇಯಿಸಿ ಒಣಗಿಸುವ ಕೆಲಸವೇ ಉಳಿಯಲಿಲ್ಲ. ದ್ವೀಪದ ಮನೆಮನೆಯ ಹೆಂಗಸರ ಕಸುಬು ಕೆಲವೇ ವರ್ಷಗಳಲ್ಲಿ ಕರಗಿತು. ಯಾವ ಕಚೇರಿಯೂ ಅದನ್ನು ಕೆಲಸ ಕಳೆದುಕೊಂಡದ್ದೆಂದು ಬರೆದುಕೊಳ್ಳಲಿಲ್ಲ, ಏಕೆಂದರೆ ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿದವರೇ ಕಡಿಮೆ.

ಸಂಬಳದ ನೌಕರಿ ಒಮ್ಮೆಲೇ ಕೈತಪ್ಪುವುದು ಎಂದರೇನೆಂದು ದ್ವೀಪದವರಿಗೆ ದೊಡ್ಡ ಮಟ್ಟದಲ್ಲಿ ಗೊತ್ತಾದದ್ದು ದಕ್ಷಿಣ ತುದಿಯ ಅಡ್ಡು ಹವಳವಲಯದಲ್ಲಿ. ಅಲ್ಲಿನ ಗನ್ ದ್ವೀಪದಲ್ಲಿ ಬ್ರಿಟಿಷ್ ವಾಯುಸೇನೆಯ ನೆಲೆಯಿತ್ತು. ನೂರಾರು ಸ್ಥಳೀಯರು ಅಡುಗೆಮನೆ, ಉಗ್ರಾಣ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಆ ನೌಕರಿಗಳ ಪ್ರಶ್ನೆಯೂ ಸೇರಿ ರಾಜಧಾನಿ ಮಾಲೆಯೊಂದಿಗೆ ಮನಸ್ತಾಪ ಬೆಳೆದು, ದಕ್ಷಿಣದ ಹವಳವಲಯಗಳು 1959ರಲ್ಲಿ ಬೇರೆ ಗಣರಾಜ್ಯವನ್ನೇ ಘೋಷಿಸಿದ್ದವು. 1963ರಲ್ಲಿ ಅದು ಮುಗಿಯಿತು. ಲಂಡನ್ನಿನ ಸರ್ಕಾರ ಖರ್ಚು ಕಡಿತಕ್ಕೆ ಇಳಿದು 1976ರ ಮಾರ್ಚ್‌ನಲ್ಲಿ ನೆಲೆ ಮುಚ್ಚಿದಾಗ ನೂರಾರು ಸಂಸಾರಗಳ ತಿಂಗಳ ಸಂಬಳ ನಿಂತಿತು. ಅದೇ ಕಟ್ಟಡಗಳಲ್ಲಿ ಮುಂದೆ ಸಿದ್ಧ ಉಡುಪಿನ ಕಾರ್ಖಾನೆಗಳು ಬಂದವು. ಅಮೆರಿಕ ಯುರೋಪುಗಳ ಕೋಟಾ ವ್ಯವಸ್ಥೆ 2005ಕ್ಕೆ ಕೊನೆಗೊಳ್ಳುವ ಹೊತ್ತಿಗೆ ಅವೂ ಹೊರಟುಹೋದವು. ನೆಲೆ ಮುಚ್ಚಿದ ಕಾಲದಲ್ಲೇ, ಅಲ್ಲಿ ಇಂಗ್ಲಿಷ್ ಕಲಿತು, ಬಡಿಸುವ, ಲೆಕ್ಕ ಬರೆಯುವ ಕೆಲಸ ಪಳಗಿದ್ದ ಅಡ್ಡುವಿನ ಅನೇಕರು ಉತ್ತರಕ್ಕೆ ಹೋಗಿ ಆಗತಾನೇ ಕಣ್ಣುಬಿಡುತ್ತಿದ್ದ ರೆಸಾರ್ಟುಗಳಿಗೆ ಸೇರಿಕೊಂಡರು. 1972ರಲ್ಲಿ ಹವಳದ ಕಲ್ಲು, ತೆಂಗಿನ ಗರಿಯಲ್ಲಿ ಕಟ್ಟಿದ ಮೂವತ್ತು ಕೋಣೆಗಳೊಂದಿಗೆ ಮೊದಲ ರೆಸಾರ್ಟಾದ ಕುರುಂಬಾ ತೆರೆದಿತ್ತು. ಆ ವರ್ಷ ಬಂದ ಪ್ರವಾಸಿಗರು ಸಾವಿರದ ಆಸುಪಾಸು.

ಇಲ್ಲಿಂದ ಬದಲಾದದ್ದು ಸರಕು ಮಾತ್ರವಲ್ಲ, ದುಡಿಮೆಯ ರಚನೆಯೇ. ಜನವಸತಿಯಿಲ್ಲದ ಒಂದು ದ್ವೀಪವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತದೆ, ಆ ದ್ವೀಪವೆಲ್ಲ ಒಂದೇ ರೆಸಾರ್ಟ್. ನೌಕರನಿಗೆ ಅಲ್ಲಿ ಮನೆಯಿಲ್ಲ, ದೋಣಿಯಿಲ್ಲ, ತೆಂಗಿನ ಮರವಿಲ್ಲ; ಹಾಸಿಗೆ, ಊಟ, ಕೆಲಸ ಮೂರೂ ಮಾಲೀಕನವು. ಮನೆಯಿಂದ ದೂರ ಉಳಿಯಬೇಕಾದ್ದರಿಂದ ಸ್ಥಳೀಯ ಹೆಂಗಸರು ಇಲ್ಲಿಗೆ ಬಂದದ್ದು ಬಹಳ ಕಡಿಮೆ. ಒಣಮೀನಿನ ಕಾಲದಲ್ಲಿ ಹೋದ ಅವರ ಗಳಿಕೆ ರೆಸಾರ್ಟಿನ ಕಾಲದಲ್ಲೂ ಮರಳಲಿಲ್ಲ. ಇನ್ನು ಸಂಬಳದ ಚೀಟಿಯನ್ನು ನೋಡಿದರೆ ನಷ್ಟ ಹಂಚಿಕೆಯಾಗುವ ಬಗೆ ನಿಚ್ಚಳವಾಗುತ್ತದೆ. ಮೂಲವೇತನದ ಸಾಲಿನ ಕೆಳಗೆ ಸರ್ವಿಸ್ ಚಾರ್ಜ್ ಎಂಬ ಇನ್ನೊಂದು ಸಾಲಿದೆ: ಅತಿಥಿಯ ಬಿಲ್ಲಿಗೆ ಸೇರಿಸುವ ಶೇ 10ರಲ್ಲಿ ನೌಕರರಿಗೆ ಬರುವ ಪಾಲು, ಸಾಮಾನ್ಯವಾಗಿ ಡಾಲರುಗಳಲ್ಲಿ. ಒಳ್ಳೆಯ ತಿಂಗಳುಗಳಲ್ಲಿ ಇದು ಮೂಲವೇತನವನ್ನೂ ಮೀರಬಹುದು; ಮನೆಬಾಡಿಗೆ, ಸಾಲದ ಕಂತು, ಮಕ್ಕಳ ಶಾಲೆಯ ಲೆಕ್ಕಾಚಾರ ನಿಲ್ಲುವುದು ಇದರ ಮೇಲೆಯೇ. ಕೋಣೆಗಳು ಖಾಲಿಯಾದರೆ ಯಾರನ್ನೂ ಕೆಲಸದಿಂದ ತೆಗೆಯದೆಯೇ ಈ ಸಾಲು ಸೊನ್ನೆಯಾಗುತ್ತದೆ. ಹಿಂದೆ ಮೀನುಗಾರನೂ ಪಾಲಿಗೇ ದುಡಿಯುತ್ತಿದ್ದನಲ್ಲ ಎನ್ನಬಹುದು. ಹೌದು, ಆದರೆ ಅವನ ಪಾಲು ಮೀನಾಗಿತ್ತು, ಮಾರದಿದ್ದರೆ ಉಣ್ಣಬಹುದಿತ್ತು. ಇಲ್ಲಿ ಪಾಲಿನ ಅನಿಶ್ಚಿತತೆ ಉಳಿಯಿತು, ಪಾಲಿನ ಆಸರೆ ಹೋಯಿತು.

2020ರಲ್ಲಿ ಆದದ್ದು ಇದರ ನೇರ ಫಲ. ಮಾರ್ಚ್ 7ರಂದು ದೃಢಪಟ್ಟ ದೇಶದ ಮೊದಲ ಸೋಂಕಿತರು ರೆಸಾರ್ಟಿನ ನೌಕರರೇ. ಗಡಿ ಮುಚ್ಚುತ್ತಿದ್ದಂತೆ ಸಾವಿರಾರು ಜನರನ್ನು ಸಂಬಳವಿಲ್ಲದ ರಜೆಗೆ ಕಳಿಸಲಾಯಿತು. ಉಳಿದವರು ಮೂಲವೇತನಕ್ಕೆ, ಕೆಲವೆಡೆ ಅದರಲ್ಲೂ ಕಡಿತಕ್ಕೆ ಇಳಿದರು. ಏಪ್ರಿಲ್ 15ರಂದು ಮಾಲೆಯಲ್ಲಿ ಸಮುದಾಯದೊಳಗೆ ಸೋಂಕು ಕಂಡು ಲಾಕ್‌ಡೌನ್ ಬಂತು. ಕೆಲಸ ಕಳೆದುಕೊಂಡವರಿಗೆ ಸರ್ಕಾರ ತಿಂಗಳಿಗೆ ಗರಿಷ್ಠ 5,000 ರುಫಿಯಾ, ಅಂದಿನ ಲೆಕ್ಕದಲ್ಲಿ ಸುಮಾರು 24 ಸಾವಿರ ರೂಪಾಯಿ, ಕೊಡತೊಡಗಿತು. ಮಾಲೆಯ ಎರಡು ಕೋಣೆಯ ಮನೆಗೆ ಬಾಡಿಗೆಯೇ ಅದಕ್ಕಿಂತ ಹೆಚ್ಚು. ಬಾಡಿಗೆ ಕಟ್ಟಲಾಗದ ಕುಟುಂಬಗಳು ಹುಟ್ಟೂರಿನ ದ್ವೀಪಗಳಿಗೆ ಮರಳಿದವು. ಅಲ್ಲಿ ಹಳೆಯ ಕಸುಬುಗಳಾದರೂ ಕೈಹಿಡಿದವೇ ಎಂದರೆ, ಅವೂ ಅಷ್ಟರಲ್ಲಿ ಪ್ರವಾಸಿಗನ ಬೆನ್ನಿಗೆ ಕಟ್ಟಿಕೊಂಡಿದ್ದವು. ದೊಡ್ಡ ಟ್ಯೂನಾ ಮೀನನ್ನು ವಿದೇಶದ ಪೇಟೆಗೆ ಒಯ್ಯುತ್ತಿದ್ದುದು ಪ್ರಯಾಣಿಕರ ವಿಮಾನಗಳ ಸರಕುಗೂಡು. ವಿಮಾನ ನಿಂತೊಡನೆ ತಾಜಾ ಮೀನಿನ ರಫ್ತೂ ಕುಂಟಿತು. ತೊಡ್ಡೂ ದ್ವೀಪದ ಕಲ್ಲಂಗಡಿ, ಪಪ್ಪಾಯಿಗೆ ರೆಸಾರ್ಟಿನ ಅಡುಗೆಮನೆಗಳೂ ದೊಡ್ಡ ಗಿರಾಕಿ. 2009ರ ನಂತರ ಜನವಸತಿಯ ದ್ವೀಪಗಳಲ್ಲೇ ಸಾಲ ಮಾಡಿ ಗೆಸ್ಟ್‌ಹೌಸ್ ಕಟ್ಟಿದವರು ಅಕ್ಟೋಬರ್ ಮಧ್ಯದವರೆಗೂ ಬಾಗಿಲು ತೆರೆಯುವಂತಿರಲಿಲ್ಲ. ಜುಲೈನಲ್ಲಿ ಅನುಮತಿ ಸಿಕ್ಕಿದ್ದು ರೆಸಾರ್ಟುಗಳಿಗೆ.

ಪರಿಹಾರದ ಹಣ ಕೂಡ ಎಲ್ಲರಿಗೂ ಅಲ್ಲ, ಅದು ಪ್ರಜೆಗಳಿಗೆ. ರೆಸಾರ್ಟ್ ನೌಕರರಲ್ಲಿ ಅರ್ಧದಷ್ಟು ಮಂದಿ ಹೊರದೇಶದವರು. ಕಟ್ಟಡದ ಕೆಲಸ, ಮಾಲೆಯ ಹಮಾಲಿ, ಅಂಗಡಿಯ ಚಾಕರಿ ಎಲ್ಲ ಬಹುಪಾಲು ಬಾಂಗ್ಲಾದೇಶೀಯರ ಮೇಲೆ ನಿಂತಿತ್ತು, ಅವರಲ್ಲಿ ಹಲವರಿಗೆ ಸರಿಯಾದ ಕಾಗದಪತ್ರವೂ ಇರಲಿಲ್ಲ. ಮಾಲೆಯ ಕಿಕ್ಕಿರಿದ ಕೋಣೆಗಳಲ್ಲಿ ಸೋಂಕು ಮೊದಲು ಹಬ್ಬಿದ್ದೂ ಇವರಲ್ಲೇ. ಜುಲೈನಲ್ಲಿ, ರೆಸಾರ್ಟ್ ಕಟ್ಟಲಾಗುತ್ತಿದ್ದ ದ್ವೀಪವೊಂದರಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ವಲಸೆ ಕಾರ್ಮಿಕರು ದಂಗೆಯೆದ್ದರು. ಭಾರತದ ನೌಕಾಪಡೆಯ ಐಎನ್‌ಎಸ್ ಜಲಾಶ್ವ ಮೇ 8ರಂದು ಮಾಲೆಯಿಂದ 698 ಜನರನ್ನು ಹತ್ತಿಸಿಕೊಂಡು ಕೊಚ್ಚಿಗೆ ಹೊರಟಿತು. ಅವರಲ್ಲಿ ಹೆಚ್ಚಿನವರು ಕೇರಳ, ತಮಿಳುನಾಡುಗಳವರು. ಹೀಗೆ ಒಂದು ದೇಶದ ನಿರುದ್ಯೋಗದ ದೊಡ್ಡ ಪಾಲು ಅದರ ಅಂಕಿಅಂಶದೊಳಗೆ ಸೇರದೆ, ಬೇರೆ ದೇಶಗಳ ಹಳ್ಳಿಗಳಲ್ಲಿ ನಿಂತುಹೋದ ಮನಿಯಾರ್ಡರಾಗಿ ಕಾಣಿಸಿಕೊಂಡಿತು.

ಈ ವಾದಕ್ಕೆ ಎರಡು ಬಲವಾದ ಆಕ್ಷೇಪಗಳಿವೆ. ಒಂದು, ಇದು ಹಳೆಯ ಬಡತನವನ್ನು ಹೊಗಳಿದಂತಲ್ಲವೇ ಎಂಬುದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಯ ಹಡಗು ಬರದಿದ್ದಾಗ ಇದೇ ಸ್ವಾವಲಂಬಿ ದ್ವೀಪಗಳ ಜನ ಎಲೆ, ಗೆಡ್ಡೆ ತಿಂದು, ಅದೂ ಸಾಲದೆ ಹಸಿವಿನಿಂದ ಸತ್ತರು. ಒಟ್ಟು 300 ಚದರ ಕಿಲೋಮೀಟರಿನಷ್ಟೂ ನೆಲವಿಲ್ಲದ ದೇಶಕ್ಕೆ ವ್ಯವಸಾಯ, ಕೈಗಾರಿಕೆ ಎಂದು ಉಪದೇಶಿಸುವುದು ಸುಲಭ. ಮಾಲ್ಡೀವ್ಸ್ 2011ರಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದದ್ದು ಪ್ರವಾಸಿಗರ ದುಡ್ಡಿನಿಂದಲೇ. 5,000 ರುಫಿಯಾ ಕೊಡುವ ತಾಕತ್ತು ಬಂದದ್ದೂ ಅದರಿಂದಲೇ. ಇದೆಲ್ಲ ನಿಜ, ಒಪ್ಪಲೇಬೇಕು. ಹಿಂದಿನ ಮೀನುಗಾರ ಸುಖಿಯಾಗಿದ್ದನೆಂದು ನಾನು ಹೇಳುತ್ತಿಲ್ಲ. ಅವನಿಗಿದ್ದ ತೆಳುವಾದ ಆಸರೆಯನ್ನು ಕಿತ್ತ ಹೊಸ ವ್ಯವಸ್ಥೆ ಅದರ ಜಾಗದಲ್ಲಿ ಇನ್ನೊಂದನ್ನು ಇಡಲಿಲ್ಲ ಎಂಬುದಷ್ಟೇ ನನ್ನ ವಾದ. ಬೇರೆ ಸರಕಿಲ್ಲದ ದೇಶಕ್ಕೆ ಆ ಆಸರೆ ಹೆಚ್ಚು ಬೇಕು, ಕಡಿಮೆ ಅಲ್ಲ.

ಎರಡನೆಯ ಆಕ್ಷೇಪ ಚೇತರಿಕೆಯದು. 2004ರ ಡಿಸೆಂಬರಿನ ಸುನಾಮಿಯ ಮಾರನೇ ವರ್ಷ ಪ್ರವಾಸಿಗರ ಸಂಖ್ಯೆ ಆರು ಲಕ್ಷದಿಂದ ನಾಲ್ಕು ಲಕ್ಷಕ್ಕೆ ಇಳಿದು, 2006ರಲ್ಲೇ ಮತ್ತೆ ಆರು ಲಕ್ಷ ಮುಟ್ಟಿತ್ತು. ಕೋವಿಡ್ಡಿನಲ್ಲೂ ಹಾಗೇ ಆಯಿತು: ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ವ್ಯವಸ್ಥೆಯೇ ಸೋಂಕಿನಿಂದ ದೂರ ಉಳಿಯುವ ಅನುಕೂಲವಾಗಿ ಮಾರಾಟವಾಯಿತು, ಬಾಲಿವುಡ್ ತಾರೆಯರ ಚಿತ್ರ ನೋಡಿ ಮುಂಬಯಿ, ದೆಹಲಿ, ಬೆಂಗಳೂರುಗಳಿಂದ ಜನ ಹೊರಟರು, 2020 ಮತ್ತು 2021ರಲ್ಲಿ ಅತಿ ಹೆಚ್ಚು ಪ್ರವಾಸಿಗರನ್ನು ಕಳಿಸಿದ ದೇಶ ಭಾರತ. 2021ರಲ್ಲಿ 13 ಲಕ್ಷ ಮಂದಿ ಬಂದರು. ಆದರೆ ಪ್ರವಾಸಿಗರು ಮರಳಿದರೆಂದರೆ ದುಡಿಯುವವರು ನಿಂತ ಜಾಗಕ್ಕೆ ಮರಳಿದರೆಂದು ಅರ್ಥವಲ್ಲ. ಕರಗಿದ ಉಳಿತಾಯ, ಬೆಳೆದ ಬಡ್ಡಿ, ಊರಿಗೆ ಹೋದ ಮೇಲೆ ಮತ್ತೆ ಕರೆ ಬಾರದ ವಲಸಿಗ ಯಾವುದೂ ಆ 13 ಲಕ್ಷದಲ್ಲಿ ಕಾಣುವುದಿಲ್ಲ. ಸರ್ಕಾರವೂ ಸಾಲದಿಂದಲೇ ದಾಟಿತು: 2020ರ ಸೆಪ್ಟೆಂಬರಿನಲ್ಲಿ ಭಾರತ 25 ಕೋಟಿ ಡಾಲರ್ ನೆರವು ಒದಗಿಸಿತು, ದೇಶದ ಒಟ್ಟು ಸಾಲ ಅದರ ವಾರ್ಷಿಕ ಉತ್ಪನ್ನವನ್ನೂ ಮೀರಿತು. ಗಿರಾಕಿ ಬೇಗ ಮರಳಿದ್ದು ಅದೃಷ್ಟ. ಬಂಗಾಳವೂ ಬ್ರಿಟಿಷರೂ ಮರಳಿರಲಿಲ್ಲ.

ಹಾಗಾದರೆ ದಾರಿ ಏನು ಎಂಬುದಕ್ಕೆ ಉತ್ತರ ಈ ದೇಶದ ಕಾನೂನಿನಲ್ಲೇ ಅರ್ಧ ಇದೆ. 2015ರ ನವೆಂಬರಿನಿಂದ ಅಲ್ಲಿ ರೆಸಾರ್ಟಿನ ಪ್ರತಿ ಅತಿಥಿಯಿಂದ ದಿನಕ್ಕೆ 6 ಡಾಲರಿನಂತೆ ಹಸಿರು ತೆರಿಗೆ ವಸೂಲಿಯಾಗತೊಡಗಿತು, ಮರುವರ್ಷ ಗೆಸ್ಟ್‌ಹೌಸುಗಳಿಗೆ 3 ಡಾಲರ್. ಪರಿಸರದ ಹೆಸರಿನಲ್ಲಿ ಎತ್ತಿದ ಈ ಹಣಕ್ಕೆ ಹೆದರಿ ಯಾರೂ ಬರುವುದನ್ನು ಬಿಡಲಿಲ್ಲ. 2015ರಲ್ಲಿ 12 ಲಕ್ಷವಿದ್ದ ಪ್ರವಾಸಿಗರು 2019ಕ್ಕೆ 17 ಲಕ್ಷವಾದರು. ಹವಳಕ್ಕೆ, ಕಸದ ವಿಲೇವಾರಿಗೆ ರಾತ್ರಿಗಿಷ್ಟು ಎಂದು ಎತ್ತಿಡಬಹುದಾದರೆ, ಹಾಸಿಗೆ ಹಾಸುವವರ, ಬಡಿಸುವವರ ಕೆಟ್ಟ ಕಾಲಕ್ಕೂ ಎತ್ತಿಡಬಹುದು. ಸ್ಥಳೀಯ, ವಲಸಿಗ ಎನ್ನದೆ ದುಡಿದ ತಿಂಗಳ ಲೆಕ್ಕಕ್ಕೆ ತಕ್ಕಂತೆ ಹಂಚಬಹುದು. ಮಾಲೀಕರ ಲಾಭಕ್ಕೆ ಇದು ಹೊರೆ ಎನ್ನುವವರು ಒಂದು ಮಾತು ನೆನಪಿಡಬೇಕು: ಆ ಹೊರೆಯನ್ನು 2020ರಲ್ಲಿ ಯಾರೋ ಹೊತ್ತರು, ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿದ್ದವರು ಹೊತ್ತರು. ಈ ದ್ವೀಪಗಳಿಗೆ ಮುಂದೆಯೂ ದೊಡ್ಡ ಗಿರಾಕಿ ಒಬ್ಬನೇ ಇರುತ್ತಾನೆ, ಅದನ್ನು ಭೂಗೋಳವೇ ತೀರ್ಮಾನಿಸಿದೆ. ಅವನು ಬಾರದ ವರ್ಷದ ಖರ್ಚನ್ನು ಯಾರು ಹೊರಬೇಕೆಂಬುದನ್ನು ಮಾತ್ರ ಭೂಗೋಳ ತೀರ್ಮಾನಿಸಿಲ್ಲ. ಅದು ಅವನು ಬರುತ್ತಿರುವ ವರ್ಷಗಳಲ್ಲೇ ಕಾನೂನು ಮಾಡಿ ಮುಗಿಸಬೇಕಾದ ಕೆಲಸ.