ಬ್ರಿಟನ್: ಆಶ್ರಯ ಕೋರಿದವರಿಗೆ ಸಿಗುವ ನೆರವೆಷ್ಟು?

ಆಶ್ರಯ ಕೋರಿ ಬ್ರಿಟನ್‌ಗೆ ಬಂದವರೆಲ್ಲ ಸರಕಾರಿ ಭತ್ಯೆ ಬಾಚಿಕೊಳ್ಳುತ್ತಾರೆಂಬ ದೂರು ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕಾನೂನು ಹೇಳುವುದೇ ಬೇರೆ. 1999ರ ವಲಸೆ ಮತ್ತು ಆಶ್ರಯ ಕಾಯ್ದೆ ಇವರನ್ನು ಸಾಮಾನ್ಯ ಭತ್ಯೆಗಳಿಂದ ಹೊರಗಿಟ್ಟಿತು. ನಿರ್ಗತಿಕರಿಗೆ ಮಾತ್ರ ವಸತಿ ಹಾಗೂ ಅಲ್ಪ ಮೊತ್ತದ ಪ್ರತ್ಯೇಕ ನೆರವು. 2000ದಲ್ಲಿ ಅದರ ಹೆಚ್ಚಿನ ಭಾಗವನ್ನು ಕೂಪನ್ ರೂಪದಲ್ಲಿ ಕೊಡಲಾಗುತ್ತಿತ್ತು. ತೀವ್ರ ಟೀಕೆಯ ಬಳಿಕ 2002ರಲ್ಲಿ ಆ ಪದ್ಧತಿ ನಿಂತಿತು.

ಅರ್ಜಿ ಇತ್ಯರ್ಥವಾಗುವ ತನಕ ಇವರು ಸಾಮಾನ್ಯವಾಗಿ ದುಡಿಯುವಂತಿಲ್ಲ. ತಮ್ಮದಲ್ಲದ ಕಾರಣಕ್ಕೆ 12 ತಿಂಗಳು ತಡವಾದರೆ ಮಾತ್ರ ಕೆಲಸಕ್ಕೆ ಅನುಮತಿ ಕೇಳಬಹುದು. ಆಶ್ರಯ ಮಂಜೂರಾದ ಮೇಲಷ್ಟೇ ಭತ್ಯೆಯ ಹಕ್ಕು.

ಉದ್ಯೋಗ ವೀಸಾದಲ್ಲಿ ಅಲ್ಲಿಗೆ ಹೋಗುವ ನಮ್ಮ ಕರಾವಳಿಯ ದಾದಿಯರಿಗೂ, ತೆರಿಗೆ ಕಟ್ಟಿದರೂ, ಹೆಚ್ಚಿನ ಭತ್ಯೆಗಳು ದಕ್ಕುವುದಿಲ್ಲ.

ಖರ್ಚಿನ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ದುಡಿಯದಂತೆ ತಡೆದು, ದುಡಿಯುವುದಿಲ್ಲವೆಂದು ಹಳಿಯುವುದು ನ್ಯಾಯವಲ್ಲ ಎಂದು ನಾವು ಭಾವಿಸುತ್ತೇವೆ.