ಅಳಿಸದೆ ಉಳಿಸಿದ ಮಸುಕು: ನೀಹಾರಿಕೆಗಳ ಮೊದಲ ಛಾಯಾಚಿತ್ರಗಳ ಕಥೆ



ಒಂದು ಜನವರಿಯ ಸಂಜೆ ನಮ್ಮ ಶಾಲೆಯ ಮೈದಾನದಲ್ಲಿ ವಿಜ್ಞಾನ ಸಂಘದವರು ಚಿಕ್ಕದೊಂದು ದೂರದರ್ಶಕ ನಿಲ್ಲಿಸಿದ್ದರು. ಭಾಷೆ ಕಲಿಸುವ ನನಗೆ ಅಲ್ಲಿ ಮಕ್ಕಳ ಸಾಲು ನೋಡಿಕೊಳ್ಳುವ ಕೆಲಸ. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಬಳಿ ಇರುವ ನೀಹಾರಿಕೆಯನ್ನು ಎಲ್ಲರೂ ನೋಡಿದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ತಂದೆಯ ಮೊಬೈಲನ್ನು ಕಣ್ಣುಮಸೂರಕ್ಕೆ ಹಿಡಿದು ಹತ್ತಾರು ಚಿತ್ರ ತೆಗೆದ. ಮರುದಿನ ತೋರಿಸು ಎಂದು ಕೇಳಿದೆ. "ಎಲ್ಲಾ ಅಳಿಸಿಬಿಟ್ಟೆ ಸರ್. ಪುಸ್ತಕದಲ್ಲಿರೋ ಹಾಗೆ ಒಂದೂ ಬಂದಿರಲಿಲ್ಲ" ಎಂದ.

ಆ ಕ್ಷಣ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ನಂತರ ಓದುತ್ತಾ ಹೋದಂತೆ, ಅವನಿಗೆ ಕೊಡಬೇಕಾಗಿದ್ದ ಉತ್ತರ ಇತಿಹಾಸದಲ್ಲಿಯೇ ಇದೆ ಎಂದು ತಿಳಿಯಿತು. ಅದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಪದದ ವಿಚಾರ. ಕನ್ನಡದಲ್ಲಿ 'ನೀಹಾರಿಕೆ' ಎನ್ನುತ್ತೇವೆ. ನೀಹಾರ ಎಂದರೆ ಮಂಜು. ಉರ್ದುವಿನಲ್ಲಿ 'ಸಹಾಬಿಯಾ' ಎನ್ನುತ್ತೇವೆ. ಸಹಾಬ್ ಎಂದರೆ ಮೋಡ. ಎರಡು ಭಾಷೆಗಳೂ ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿವೆ: ಆಕಾಶದಲ್ಲಿ ಒಂದು ಮಸುಕು. ಕ್ರಿ.ಶ. 964ರ ಸುಮಾರಿಗೆ ಪರ್ಷಿಯಾದ ಖಗೋಳಜ್ಞ ಅಬ್ದುಲ್ ರಹಮಾನ್ ಅಲ್-ಸೂಫಿ ಸ್ಥಿರ ನಕ್ಷತ್ರಗಳ ಕುರಿತು ಒಂದು ಗ್ರಂಥ ರಚಿಸಿದರು. ಇಂದು ನಾವು ದೇವಯಾನಿ ಎಂದು ಕರೆಯುವ ನಕ್ಷತ್ರಪುಂಜದಲ್ಲಿ ಮೋಡದಂಥ ಒಂದು ಕಲೆ ಇದೆ ಎಂದು ಅದರಲ್ಲಿ ಗುರುತಿಸಿದರು. ಆಗ ದೂರದರ್ಶಕ ಇರಲಿಲ್ಲ. ಅದು ಏನೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ, ಅದರ ಜಾಗ ಸಹಿತ ಬರೆದಿಟ್ಟರು. ಈ ಕಲೆಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

17ನೆಯ ಶತಮಾನದಲ್ಲಿ ದೂರದರ್ಶಕ ಬಂದ ಮೇಲೆ ಇಂಥ ಮಸುಕುಗಳು ಹೆಚ್ಚು ಹೆಚ್ಚು ಕಂಡವು. ಆದರೆ ಕಂಡದ್ದನ್ನು ಇತರರಿಗೆ ತೋರಿಸುವುದು ಹೇಗೆ? ಕೈಯಿಂದ ಚಿತ್ರ ಬರೆಯುವುದೊಂದೇ ದಾರಿ. ಮಹಾವ್ಯಾಧದ ನೀಹಾರಿಕೆಯನ್ನು ಹೈಗೆನ್ಸ್ ಬರೆದರು, ಮೆಸಿಯೆ ಬರೆದರು, ಜಾನ್ ಹರ್ಷೆಲ್ ಬರೆದರು. ಒಬ್ಬರ ಚಿತ್ರ ಇನ್ನೊಬ್ಬರದಕ್ಕೆ ಹೋಲುತ್ತಿರಲಿಲ್ಲ. ನೀಹಾರಿಕೆಯೇ ಬದಲಾಗುತ್ತಿದೆಯೇ, ಇಲ್ಲ ನೋಡುವವರ ಕಣ್ಣು ಕೈಗಳು ಬೇರೆಯೇ? ಸಾಕ್ಷಿಗಳೇ ಒಪ್ಪದಿದ್ದರೆ ತೀರ್ಪು ಕೊಡುವುದು ಹೇಗೆ? ಛಾಯಾಚಿತ್ರ ಬೇಕಾಗಿದ್ದುದು ಇದಕ್ಕೆ, ಅಂದಕ್ಕಲ್ಲ.

1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪರಿಚಯವಾಯಿತು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಎಂಬ ಪ್ರಾಧ್ಯಾಪಕರು ಚಂದ್ರನ ಚಿತ್ರ ತೆಗೆದರು. ಆದರೆ ಚಂದ್ರನೆಲ್ಲಿ, ನೀಹಾರಿಕೆಯೆಲ್ಲಿ! ಅಷ್ಟು ಮಂದ ಬೆಳಕು ಚಿತ್ರವಾಗಬೇಕಾದರೆ ಗಾಜಿನ ಪ್ಲೇಟನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕು. ನಮ್ಮ ಕಣ್ಣು ಕ್ಷಣಕ್ಷಣಕ್ಕೂ ಹೊಸದಾಗಿ ನೋಡುತ್ತದೆ, ಹಿಂದಿನ ಬೆಳಕನ್ನು ಕೂಡಿಟ್ಟುಕೊಳ್ಳುವುದಿಲ್ಲ. ಪ್ಲೇಟು ಹಾಗಲ್ಲ. ಹುಂಡಿಯಲ್ಲಿ ಪೈಸೆ ಪೈಸೆ ಕೂಡಿಟ್ಟಂತೆ ಬೆಳಕನ್ನು ಕೂಡಿಡುತ್ತದೆ. ತೊಂದರೆ ಏನೆಂದರೆ, 1851ರಲ್ಲಿ ಬಂದ ಪ್ಲೇಟು ಒದ್ದೆಯಾಗಿರುವಾಗಲೇ ಕೆಲಸ ಮುಗಿಸಬೇಕಿತ್ತು. ಕೆಲವೇ ನಿಮಿಷಗಳಲ್ಲಿ ಅದು ಒಣಗಿ ಕೆಡುತ್ತಿತ್ತು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಜೆಲಟಿನ್ ಲೇಪಿಸಿದ ಒಣ ಪ್ಲೇಟಿನ ದಾರಿ ತೋರಿಸಿದರು. ಬಳಿಕ ಗಂಟೆಗಟ್ಟಲೆ ಕಾಯುವುದು ಸಾಧ್ಯವಾಯಿತು.

ಎರಡನೆಯ ತೊಡಕು ಭೂಮಿಯದೇ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತವೆ. ದೂರದರ್ಶಕವೂ ಅದೇ ವೇಗದಲ್ಲಿ ತಿರುಗದಿದ್ದರೆ ಚುಕ್ಕಿಯೆಲ್ಲ ಗೆರೆಯಾಗುತ್ತದೆ. ಅದಕ್ಕಾಗಿ ಗಡಿಯಾರದಂಥ ಯಂತ್ರ ಜೋಡಿಸುತ್ತಿದ್ದರು. ಯಂತ್ರ ಒಂದಿಷ್ಟು ತಪ್ಪಿದರೂ ಸರಿಪಡಿಸಲು ಒಬ್ಬರು ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಚಳಿಯಲ್ಲಿ ಕೂತಿರಬೇಕಿತ್ತು.

ಈ ಕೆಲಸಕ್ಕೆ ಮೊದಲು ಕೈಹಾಕಿದವರು ಯಾರು ಗೊತ್ತೇ? ಅದೇ ಡ್ರೇಪರ್ ಅವರ ಮಗ ಹೆನ್ರಿ ಡ್ರೇಪರ್. ಓದಿದ್ದು ವೈದ್ಯಕೀಯ. 1857ರಲ್ಲಿ ಐರ್ಲೆಂಡಿಗೆ ಹೋದಾಗ ಲಾರ್ಡ್ ರಾಸ್ ಅವರ ಬೃಹತ್ ದೂರದರ್ಶಕ ಕಂಡು ತಾವೂ ಒಂದನ್ನು ಮಾಡಬೇಕೆಂದು ಹೊರಟರು. ತಿಂಗಳುಗಟ್ಟಲೆ ಉಜ್ಜಿ ತಯಾರಿಸಿದ ಲೋಹದ ಕನ್ನಡಿ ಅದರ ಚೌಕಟ್ಟಿನೊಳಗೆ ಸೇರಿದ ಕೆಲವು ಹನಿ ನೀರು ಹೆಪ್ಪುಗಟ್ಟಿದ್ದರಿಂದ ಸೀಳಿಹೋಯಿತು. ಅವರು ಬಿಡಲಿಲ್ಲ. ಬೆಳ್ಳಿ ಲೇಪಿಸಿದ ಗಾಜಿನ ಕನ್ನಡಿಯ ಕಡೆ ತಿರುಗಿ, ಅದನ್ನು ತಯಾರಿಸುವ ವಿಧಾನವನ್ನು, ತಪ್ಪಿದ ಪ್ರಯೋಗಗಳ ಸಹಿತ, 1864ರಲ್ಲಿ ಪ್ರಕಟಿಸಿದರು. ಮುಂದೆ ಎಷ್ಟೋ ಹವ್ಯಾಸಿಗಳಿಗೆ ಅದೇ ಪಾಠಪುಸ್ತಕವಾಯಿತು.

1880ರ ಸೆಪ್ಟೆಂಬರ್ 30ರಂದು ಹಡ್ಸನ್ ನದಿಯ ತೀರದ ತಮ್ಮ ವೀಕ್ಷಣಾಲಯದಲ್ಲಿ 11 ಅಂಗುಲದ ದೂರದರ್ಶಕವನ್ನು ಮಹಾವ್ಯಾಧದ ನೀಹಾರಿಕೆಯತ್ತ ತಿರುಗಿಸಿ 51 ನಿಮಿಷ ಪ್ಲೇಟನ್ನು ತೆರೆದಿಟ್ಟರು. ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ಅದು. ಇಂದು ನೀವು ಅದನ್ನು ನೋಡಿದರೆ ನಗಬಹುದು. ನಕ್ಷತ್ರಗಳು ಊದಿಕೊಂಡಿವೆ, ನಡುವಿನ ಪ್ರಕಾಶಮಾನ ಭಾಗ ಬಿಟ್ಟರೆ ಹೆಚ್ಚೇನೂ ಇಲ್ಲ. ಡ್ರೇಪರ್ ಅದನ್ನು ಬಚ್ಚಿಡಲಿಲ್ಲ, ಲೋಕದ ಮುಂದಿಟ್ಟರು. 1881ರಲ್ಲಿ 104 ನಿಮಿಷ, 1882ರ ಮಾರ್ಚಿನಲ್ಲಿ 137 ನಿಮಿಷ ಕಾದು ಹೊಸ ಚಿತ್ರಗಳನ್ನು ತೆಗೆದರು. ಪ್ರತಿಸಲವೂ ಹಿಂದಿನದಕ್ಕಿಂತ ಹೆಚ್ಚು ಕಂಡಿತು. ಮೊದಲ ಚಿತ್ರ ಇಲ್ಲದಿದ್ದರೆ ಎರಡನೆಯದು ಎಷ್ಟು ಸುಧಾರಿಸಿದೆ ಎಂದು ಅಳೆಯುವುದಾದರೂ ಯಾವುದರಿಂದ?

ಅದೇ ವರ್ಷದ ನವೆಂಬರಿನಲ್ಲಿ, ಕೇವಲ 45ನೆಯ ವಯಸ್ಸಿನಲ್ಲಿ ಡ್ರೇಪರ್ ತೀರಿಕೊಂಡರು. ಪ್ರಯೋಗಗಳಲ್ಲಿ ಜೊತೆಗಿದ್ದ ಪತ್ನಿ ಮೇರಿ ಅನ್ನಾ ಪಾಮರ್ ಡ್ರೇಪರ್ ಪತಿಯ ಕೆಲಸ ಮಣ್ಣಾಗಲು ಬಿಡಲಿಲ್ಲ. ಹಾರ್ವರ್ಡ್ ವೀಕ್ಷಣಾಲಯಕ್ಕೆ ಧನಸಹಾಯ ಮಾಡಿದರು. ನಕ್ಷತ್ರಗಳ ಬೆಳಕನ್ನು ವರ್ಗೀಕರಿಸಿದ ಸುಪ್ರಸಿದ್ಧ ಹೆನ್ರಿ ಡ್ರೇಪರ್ ಪಟ್ಟಿ ಹುಟ್ಟಿದ್ದು ಆ ನೆರವಿನಿಂದ.

ಇಂಗ್ಲೆಂಡಿನಲ್ಲಿ ಆಂಡ್ರ್ಯೂ ಕಾಮನ್ ಎಂಬುವರು ನೈರ್ಮಲ್ಯ ಎಂಜಿನಿಯರ್, ಅಂದರೆ ಕಟ್ಟಡಗಳ ನೀರು ಕೊಳವೆ ಚರಂಡಿಗಳ ವ್ಯವಸ್ಥೆ ಮಾಡಿಸುವವರು. ಲಂಡನ್ ಬಳಿಯ ಈಲಿಂಗಿನಲ್ಲಿ ತಮ್ಮ ಮನೆಯ ತೋಟದಲ್ಲೇ 36 ಅಂಗುಲದ ದೂರದರ್ಶಕ ನಿಲ್ಲಿಸಿದ್ದರು. ಅವರ ಆರಂಭದ ಯತ್ನಗಳೂ ಕೆಟ್ಟವು. ಭಾರವಾದ ದೂರದರ್ಶಕ ನುಣುಪಾಗಿ ತಿರುಗಲೆಂದು ಅದರ ಅಕ್ಷವನ್ನು ಪಾದರಸದಲ್ಲಿ ತೇಲಿಸಿದ್ದರು; ಚಲನೆಯ ದೋಷಗಳನ್ನು ಒಂದೊಂದಾಗಿ ತಿದ್ದುತ್ತಾ ಬಂದರು. 1883ರ ಜನವರಿ 30ರಂದು 37 ನಿಮಿಷಗಳಲ್ಲಿ ತೆಗೆದ ಅದೇ ನೀಹಾರಿಕೆಯ ಚಿತ್ರದಲ್ಲಿ, ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಮೂಡಿದ್ದವು! ಕಣ್ಣಿಗಿಂತ ಪ್ಲೇಟು ಹೆಚ್ಚು ನೋಡಬಲ್ಲದು ಎಂಬುದು ಅಂದು ಖಚಿತವಾಯಿತು. ಮರುವರ್ಷ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ನೀಡಿತು.

ಮೂರನೆಯವರು ಐಸಾಕ್ ರಾಬರ್ಟ್ಸ್. ವೇಲ್ಸಿನಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ಕಟ್ಟಡ ಕಟ್ಟಿಸುವ ಕೆಲಸ ಮಾಡಿದವರು. ಮೊದಲ ದೊಡ್ಡ ದೂರದರ್ಶಕ ಕೊಂಡಾಗ ಅವರಿಗೆ ಐವತ್ತರ ಹತ್ತಿರದ ವಯಸ್ಸು. ಕಲಿಯಲು ತಡವಾಯಿತು ಎನ್ನುವ ಹಿರಿಯರು ಇದನ್ನು ಗಮನಿಸಬೇಕು. 1888ರ ಡಿಸೆಂಬರ್ 29ರಂದು 20 ಅಂಗುಲದ ದೂರದರ್ಶಕದಿಂದ ಅವರು ದೇವಯಾನಿಯ ಆ ಕಲೆಯನ್ನು, ಅಲ್-ಸೂಫಿ ಬರೆದಿಟ್ಟ ಅದೇ ಚಿಕ್ಕ ಮೋಡವನ್ನು ಚಿತ್ರಿಸಿದರು. ಮೋಡವೆಂದುಕೊಂಡದ್ದರಲ್ಲಿ ಸುರುಳಿ ಸುರುಳಿಯಾದ ಪಟ್ಟಿಗಳು ಕಂಡವು!

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಇದು ಹೊಸ ಸೌರಮಂಡಲವೊಂದು ರೂಪುಗೊಳ್ಳುತ್ತಿರುವ ದೃಶ್ಯ ಎಂದು ರಾಬರ್ಟ್ಸ್ ಭಾವಿಸಿದರು. ಅದು ತಪ್ಪು. 1923ರ ಅಕ್ಟೋಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಎಡ್ವಿನ್ ಹಬಲ್ ಅದೇ ಕಲೆಯ ಪ್ಲೇಟಿನಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರ ಪತ್ತೆ ಮಾಡಿದರು. ಹಿಂದಿನ ಪ್ಲೇಟುಗಳೊಡನೆ ಹೋಲಿಸಿದ್ದರಿಂದಲೇ ಆ ಏರಿಳಿತ ತಿಳಿದದ್ದು. ಅದರ ನೆರವಿನಿಂದ ದೂರ ಅಳೆದಾಗ, ಅದು ನಮ್ಮ ಆಕಾಶಗಂಗೆಯ ಹೊರಗಿರುವ ಮತ್ತೊಂದು ನಕ್ಷತ್ರಲೋಕ ಎಂದು ಸಿದ್ಧವಾಯಿತು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ ಎಂಬುದು ಇಂದಿನ ಲೆಕ್ಕ. ರಾಬರ್ಟ್ಸ್ ಕೊಟ್ಟ ವಿವರಣೆ ಬಿದ್ದುಹೋಯಿತು, ಅವರ ಪ್ಲೇಟು ಬೀಳಲಿಲ್ಲ. ಅಭಿಪ್ರಾಯ ತಪ್ಪಬಹುದು, ಪ್ರಾಮಾಣಿಕವಾಗಿ ದಾಖಲಿಸಿದ್ದು ಮುಂದಿನವರಿಗೆ ಆಸ್ತಿ.

ಇದೆಲ್ಲ ದೂರದ ದೇಶಗಳ ಮಾತಾಯಿತು ಎನ್ನುವಿರಾ? ಹಾಗಾದರೆ ಹೈದರಾಬಾದಿಗೆ ಬನ್ನಿ. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲವದು. ನವಾಬ್ ಜಫರ್ ಜಂಗ್ ಎಂಬ ಆಕಾಶಪ್ರಿಯರು 1901ರಲ್ಲಿ ಸ್ವಂತ ವೀಕ್ಷಣಾಲಯ ಸ್ಥಾಪಿಸಿದರು, ಅದಕ್ಕೆ ನಿಜಾಮಿಯಾ ಎಂಬ ಹೆಸರಾಯಿತು. ಅವರೂ ಹವ್ಯಾಸಿಯೇ. ಅವರು ತೀರಿಕೊಂಡ ಮೇಲೆ 1908ರಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಆಗ ಜಗತ್ತಿನ ಹಲವು ವೀಕ್ಷಣಾಲಯಗಳು ಸೇರಿ ಇಡೀ ಆಕಾಶವನ್ನು ಪ್ಲೇಟುಗಳಲ್ಲಿ ಹಿಡಿಯುವ ಯೋಜನೆಯಲ್ಲಿ ತೊಡಗಿದ್ದವು. 1887ರಲ್ಲಿ ಪ್ಯಾರಿಸಿನಲ್ಲಿ ಅದಕ್ಕೆ ನಾಂದಿಯಾಗಿತ್ತು. ಚಿಲಿ ದೇಶದ ಸಾಂಟಿಯಾಗೋ ಪೂರೈಸಲಾಗದೆ ಬಿಟ್ಟ ಭಾಗವನ್ನು, ಅಂದರೆ ದಕ್ಷಿಣ ಆಕಾಶದ 17ರಿಂದ 23 ಡಿಗ್ರಿಯ ಪಟ್ಟಿಯನ್ನು, ಹೈದರಾಬಾದ್ ಕೈಗೆತ್ತಿಕೊಂಡು ಮುಗಿಸಿತು. ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನವನ್ನು ಅಲ್ಲಿಯವರು ಪ್ಲೇಟುಗಳ ಮೇಲೆ ಒಂದೊಂದಾಗಿ ಅಳೆದು ಅಚ್ಚು ಹಾಕಿಸಿದರು.

ಇಂಥ ಪಟ್ಟಿಗಳಿಂದ ಏನು ಉಪಯೋಗವಾಯಿತು? 1989ರಲ್ಲಿ ಯುರೋಪು ಹಿಪಾರ್ಕಸ್ ಎಂಬ ಉಪಗ್ರಹ ಹಾರಿಸಿ ನಕ್ಷತ್ರಗಳ ಸ್ಥಾನವನ್ನು ಅಳೆಯಿತು. ಆದರೆ ನಕ್ಷತ್ರ ಎಷ್ಟು ಚಲಿಸಿದೆ ಎಂದು ತಿಳಿಯಬೇಕಾದರೆ ಹಿಂದೆ ಎಲ್ಲಿತ್ತು ಎಂಬುದೂ ಬೇಕಲ್ಲವೇ? ಆಗ ವಿಜ್ಞಾನಿಗಳು ಹೋದದ್ದು ಆ ಹಳೆಯ ಪ್ಲೇಟುಗಳ ಲೆಕ್ಕದ ಬಳಿಗೆ. 2000ದಲ್ಲಿ ಪ್ರಕಟವಾದ, ಸುಮಾರು 25 ಲಕ್ಷ ನಕ್ಷತ್ರಗಳ ಟೈಕೋ-2 ಪಟ್ಟಿಯಲ್ಲಿ ಆ ಹಳೆಯ ಶ್ರಮ ಸೇರಿದೆ. ಅಳೆದವರು ಅದನ್ನು ಕಾಣಲು ಉಳಿದಿರಲಿಲ್ಲ. ಆದರೆ ಪ್ರತಿ ಪ್ಲೇಟಿನ ದಿನಾಂಕ ಉಳಿದಿತ್ತು.

ಈಗ ನಮ್ಮ ಹುಡುಗನ ಬಳಿಗೆ ಬರೋಣ. ಇಂದಿನ ಹವ್ಯಾಸಿಗಳು ಒಂದೇ ದೀರ್ಘ ಚಿತ್ರಕ್ಕಾಗಿ ಕಾಯದೆ, ಹತ್ತಾರು ನೂರಾರು ಚಿಕ್ಕ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಪುಸ್ತಕದ ಚೆಲುವಾದ ಚಿತ್ರವೂ ಹೀಗೆ ಹಲವು ಚಿತ್ರಗಳ ಮೊತ್ತ. ಬಿಡಿಯಾಗಿ ನೋಡಿದರೆ ಒಂದೊಂದೂ ಮಸುಕೇ. ಅಂದರೆ ಆ ಹುಡುಗ ಕೆಟ್ಟ ಚಿತ್ರಗಳೆಂದು ಅಳಿಸಿದ್ದು, ಒಳ್ಳೆಯ ಚಿತ್ರವೊಂದರ ಮೊದಲ ಕಂತುಗಳನ್ನು.

ಅದನ್ನು ಅವನಿಗೆ ಹೇಳಿದೆ. ಒಂದು ನೋಟ್‌ಬುಕ್ ಕೊಟ್ಟು ದಿನಾಂಕ, ಹೊತ್ತು, ಎಷ್ಟು ಸೆಕೆಂಡು, ಎಲ್ಲಿ ತಪ್ಪಾಯಿತು ಎಂದು ಬರೆಯಲು ಹೇಳಿದ್ದೇನೆ. ಮುಂದಿನ ಬಾರಿ ತಂದು ತೋರಿಸಿದ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಸಣ್ಣ ಗೆರೆಗಳಾಗಿದ್ದವು. ಕೆಳಗೆ ಬರೆದಿದ್ದ: "ಕೈ ಅಲುಗಿತು. ಗಾಳಿ ಇತ್ತು. ಅಳಿಸಿಲ್ಲ."

ಮಿತ್ರರೇ, ಗಣಿತದಲ್ಲಿ ತಪ್ಪಿದ ಲೆಕ್ಕವಿರಲಿ, ಬಿಸಾಡಬೇಕೆನಿಸಿದ ಮೊದಲ ಕವನವಿರಲಿ, ನಿಮ್ಮ ಮಸುಕು ಪ್ಲೇಟುಗಳನ್ನು ಹರಿದು ಹಾಕಬೇಡಿ. ದಿನಾಂಕ ಹಾಕಿ ಇಟ್ಟುಕೊಳ್ಳಿ. ಉರ್ದು ತರಗತಿಯಲ್ಲಿ 'ಸಬ್ರ್' ಎಂಬ ಪದಕ್ಕೆ ತಾಳ್ಮೆ ಎಂದು ಅರ್ಥ ಬರೆಸುತ್ತೇನೆ. ಇನ್ನು ಮುಂದೆ ಆ ಪದಕ್ಕೆ ಉದಾಹರಣೆಯಾಗಿ 51 ನಿಮಿಷಗಳ ಆ ಚಿತ್ರದ ಕಥೆಯನ್ನೂ ಹೇಳುವೆನು.